ಮಲೇಷ್ಯಾಗೆ ವೀಸಾ ಬೇಡ, ಸರಿ. ಹಾಗಾದರೆ ಕೈಯಲ್ಲಿ ಏನಿರಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವನು. 2026ರ ದಸರಾ ರಜೆಯಲ್ಲಿ ಮನೆಯವರೆಲ್ಲ ಒಂದು ವಾರ ಮಲೇಷ್ಯಾಗೆ ಹೋಗಿ ಬರೋಣ ಅಂತಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಮತ್ತು ತಮ್ಮ, ಒಟ್ಟು ಆರು ಜನ. ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಟಿಕೆಟ್ ಇದ್ದರೆ ಸಾಕು ಅಂತ ಟಿಕೆಟ್ ಮಾಡಿಕೊಡುವವರು ಹೇಳಿದರು. ಆದರೆ ನಮ್ಮ ಬೀದಿಯ ಹುಡುಗನೊಬ್ಬನನ್ನು ಕೌಲಾಲಂಪುರದ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದ್ದರು. ಮಕ್ಕಳ ಪಾಸ್‌ಪೋರ್ಟ್ 2027ರ ಫೆಬ್ರವರಿವರೆಗೆ ಇದೆ, ಸಾಕಲ್ವಾ? ಅಲ್ಲಿಂದ ಬಸ್ಸಿನಲ್ಲಿ ಹೋಗಿ ಎರಡು ದಿನ ಸಿಂಗಾಪುರವನ್ನೂ ನೋಡುವ ಆಸೆ. ನನ್ನ ತಮ್ಮ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆ. ಅವನ ಗೆಳೆಯನೊಬ್ಬ ಅಲ್ಲಿ ಹೋಟೆಲಿನಲ್ಲಿ ಇದ್ದಾನಂತೆ. 'ಹೇಗೂ ವೀಸಾ ಬೇಡ, ಕೆಲಸ ಸಿಕ್ಕರೆ ಅಲ್ಲೇ ಉಳಿಯುತ್ತೇನೆ, ನನಗೆ ವಾಪಸ್ ಟಿಕೆಟ್ ಬೇಡ' ಅನ್ನುತ್ತಾನೆ. ಏನೇನು ಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮಗೆ ಟಿಕೆಟ್ ಮಾಡಿಕೊಡುವವರು ಹೇಳಿದ್ದು ಅರ್ಧ ಸರಿ. 2023ರ ಡಿಸೆಂಬರ್ 1ರಿಂದ ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಇಲ್ಲದೆ ಮಲೇಷ್ಯಾಗೆ ಹೋಗಿ 30 ದಿನದವರೆಗೆ ಇರಬಹುದು. ಮೊದಲು ಸ್ವಲ್ಪ ಕಾಲಕ್ಕೆ ಅಂತ ಶುರುವಾದ ಈ ಸೌಲಭ್ಯವನ್ನು ಆಮೇಲೆ 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದರು. ನಿಮ್ಮ ದಸರಾ ರಜೆ ಅದರೊಳಗೇ ಬರುತ್ತದೆ. ಆ ಮಟ್ಟಿಗೆ ಚಿಂತೆ ಇಲ್ಲ.

ಉಳಿದ ಅರ್ಧವನ್ನು ಅವರು ನಿಮಗೆ ಹೇಳಿಲ್ಲ. ವೀಸಾ ಬೇಕಿದ್ದಾಗ ನಿಮ್ಮ ಕಾಗದಗಳನ್ನು ನೋಡುವ ಕೆಲಸ ನೀವು ಊರಿನಲ್ಲಿರುವಾಗಲೇ ಮುಗಿಯುತ್ತಿತ್ತು. ಎಲ್ಲಿ ಉಳಿಯುತ್ತೀರಿ, ದುಡ್ಡು ಎಷ್ಟಿದೆ, ಯಾವಾಗ ವಾಪಸ್ ಬರುತ್ತೀರಿ, ಇದನ್ನೆಲ್ಲ ಮೊದಲೇ ನೋಡಿ ಹೂಂ ಅಥವಾ ಉಹೂಂ ಅನ್ನುತ್ತಿದ್ದರು. ಬೇಡ ಅಂದರೆ ವೀಸಾ ಶುಲ್ಕ ಹೋಗುತ್ತಿತ್ತು, ಅಷ್ಟೇ. ಈಗ ಅದೇ ಪರೀಕ್ಷೆ ವಿಮಾನ ಇಳಿದ ಮೇಲೆ ನಡೆಯುತ್ತದೆ. ರಾತ್ರಿ ನಿದ್ದೆಗೆಟ್ಟು ನಿಂತಿರುವ ನಿಮ್ಮನ್ನು ಒಬ್ಬ ಅಧಿಕಾರಿ ಎರಡು ನಿಮಿಷದಲ್ಲಿ ನೋಡಿ ತೀರ್ಮಾನ ಮಾಡುತ್ತಾರೆ. ಅದಕ್ಕೇ ನನ್ನ ಹತ್ತಿರ ಬರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ವೀಸಾಕ್ಕೆ ಅರ್ಜಿ ಹಾಕುವಾಗ ಯಾವ ಫೈಲ್ ಜೋಡಿಸುತ್ತಿದ್ದಿರೋ ಅದೇ ಫೈಲನ್ನು ಈಗಲೂ ಜೋಡಿಸಿ. ಕೊಡುವ ಬದಲು ಕೈಚೀಲದಲ್ಲಿ ಇಟ್ಟುಕೊಳ್ಳಿ.

ನೀವು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮಕ್ಕಳ ಪಾಸ್‌ಪೋರ್ಟ್. ಫೆಬ್ರವರಿವರೆಗೆ ಇದ್ದರೆ ಸಾಲದು. ಮಲೇಷ್ಯಾಗೆ ಕಾಲಿಡುವ ದಿನದಿಂದ ಲೆಕ್ಕ ಹಾಕಿದರೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ಅಕ್ಟೋಬರ್ ನಡುವೆ ಹೋದರೆ ಏಪ್ರಿಲ್ ನಡುವಿನವರೆಗಾದರೂ ಬೇಕು. ನಮ್ಮ ಕಡೆ ಮನೆಮಂದಿಯೆಲ್ಲ ಹೊರಟಾಗ ಅತಿ ಹೆಚ್ಚು ಎಡವುವುದು ಇಲ್ಲೇ. ಯಾಕೆಂದರೆ ದೊಡ್ಡವರ ಪಾಸ್‌ಪೋರ್ಟಿಗೆ ಹತ್ತು ವರ್ಷ ಅವಧಿ, ಮಕ್ಕಳದ್ದಕ್ಕೆ ಐದೇ ವರ್ಷ. ಎಲ್ಲರದ್ದನ್ನೂ ಒಂದೇ ದಿನ ಮಾಡಿಸಿರುತ್ತೇವೆ, ಅಪ್ಪನ ಪಾಸ್‌ಪೋರ್ಟ್ ಮಾತ್ರ ತೆರೆದು ನೋಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ರಾತ್ರಿ ಹನ್ನೊಂದಕ್ಕೆ ವಿಮಾನ ನಿಲ್ದಾಣದಿಂದ ನನಗೆ ಫೋನ್ ಮಾಡಿತ್ತು. ಚಿಕ್ಕ ಮಗಳ ಪಾಸ್‌ಪೋರ್ಟಿಗೆ ಐದು ತಿಂಗಳು ಚಿಲ್ಲರೆ ದಿನ ಉಳಿದಿತ್ತು. ಬೋರ್ಡಿಂಗ್ ಪಾಸ್ ಕೊಡಲಿಲ್ಲ. ಆ ಹೊತ್ತಿನಲ್ಲಿ ನಾನೇನೂ ಮಾಡುವಂತಿರಲಿಲ್ಲ. ಮಗು ಹೊಸ ಬ್ಯಾಗ್ ಹಾಕಿಕೊಂಡು ನಿಂತಿದೆ ಅಂತ ಅವರ ತಾಯಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ನಿಮಗೆ ಹಾಗಾಗಬಾರದು. ಇವತ್ತೇ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಇಬ್ಬರು ಮಕ್ಕಳ ಹೆಸರಿನಲ್ಲೂ ಮರುವಿತರಣೆಗೆ ಅರ್ಜಿ ಹಾಕಿ. ಮಕ್ಕಳಿಗೆ ಶುಲ್ಕ 1,000 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಅನ್ನುವ ಘೋಷಣಾ ಪತ್ರ ಬೇಕು. ಇದಕ್ಕಾಗಿ ಬೆಂಗಳೂರಿಗೆ ಬರಲೇಬೇಕು ಅಂತಿಲ್ಲ. 2017ರಲ್ಲಿ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಶುರುವಾದ ಅಂಚೆ ಪಾಸ್‌ಪೋರ್ಟ್ ಕೇಂದ್ರದ ವ್ಯವಸ್ಥೆ ಈಗ ನಮ್ಮ ಎಷ್ಟೋ ಊರುಗಳಿಗೆ ಬಂದಿದೆ. ಹತ್ತಿರದ್ದು ಯಾವುದು ಅಂತ ಅರ್ಜಿ ತುಂಬುವಾಗಲೇ ಗೊತ್ತಾಗುತ್ತದೆ. ಹೊಸ ಪಾಸ್‌ಪೋರ್ಟಿನ ನಂಬರ್ ಬೇರೆ ಇರುತ್ತದೆ. ಅದು ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿದರೆ ಒಳ್ಳೆಯದು.

ಪಾಸ್‌ಪೋರ್ಟಿನ ಸ್ಥಿತಿಯನ್ನೂ ಒಮ್ಮೆ ನೋಡಿ. ಹಾಳೆ ಹರಿದಿದ್ದರೆ, ನೀರು ಬಿದ್ದು ಅಕ್ಷರ ಕದಡಿದ್ದರೆ, ಮಕ್ಕಳು ಗೀಚಿದ್ದರೆ ಅದೂ ತೊಂದರೆಯೇ.

ಇನ್ನು ಹೆಸರಿನ ವಿಷಯ. ನಿಮ್ಮ ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿ. ನಮ್ಮಲ್ಲಿ ಹಿರಿಯರ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರು ಇರುತ್ತದೆ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಮಾಡುವ ಜಾಲತಾಣ ಮಾತ್ರ ಎರಡೂ ಜಾಗ ತುಂಬಿ ಅನ್ನುತ್ತದೆ. ಆಗ ಟಿಕೆಟ್ ಮಾಡುವವರು ಸುಮ್ನೆ ಊರಿನ ಹೆಸರನ್ನೋ ಗಂಡನ ಹೆಸರನ್ನೋ ಸೇರಿಸಿಬಿಡುತ್ತಾರೆ. ಅದು ತಪ್ಪು. ಒಂದೇ ಹೆಸರಿನವರಿಗೆ ಏನು ಮಾಡಬೇಕು ಅಂತ ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು ನಿಯಮ ಇದೆ. ಕೆಲವು ಅದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತವೆ. ನೀವು ಹೋಗುವ ವಿಮಾನದವರ ಸಹಾಯವಾಣಿಗೆ ಕೇಳಿಯೇ ಟಿಕೆಟ್ ಮಾಡಿಸಿ. ಇನಿಷಿಯಲ್ ಇರುವವರಿಗೂ ಇದೇ ಮಾತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆದಿದ್ದರೆ ಟಿಕೆಟಿನಲ್ಲೂ ಪೂರ್ತಿಯೇ ಇರಬೇಕು.

ಈಗ ಎಂಡಿಎಸಿ. ಮಲೇಷ್ಯಾ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಅದರ ಪೂರ್ತಿ ಹೆಸರು. 2024ರ ಜನವರಿ 1ರಿಂದ ಇದು ಕಡ್ಡಾಯ. ಮೊದಲು ವಿಮಾನದಲ್ಲಿ ಒಂದು ಚೀಟಿ ಕೊಟ್ಟು ತುಂಬಿ ಅನ್ನುತ್ತಿದ್ದರಲ್ಲ, ಅದೇ ಈಗ ಆನ್‌ಲೈನ್ ಆಗಿದೆ. ಇದು ವೀಸಾ ಅಲ್ಲ, ಇದಕ್ಕೆ ಒಂದು ಪೈಸೆಯೂ ಇಲ್ಲ. ಮಲೇಷ್ಯಾದ ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲಿ ಮಾತ್ರ ತುಂಬಿ. ವಿಳಾಸದಲ್ಲಿ 'ಜಿಒವಿ ಡಾಟ್ ಎಂವೈ' ಅಂತ ಇದೆಯಾ ಅಂತ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಅದೇ ತರಹ ಕಾಣುವ, ತಲೆಗಿಷ್ಟು ಅಂತ ಡಾಲರಿನಲ್ಲಿ ದುಡ್ಡು ಕೇಳುವ ಜಾಲತಾಣಗಳು ಸಿಗುತ್ತವೆ. ದುಡ್ಡು ಕೇಳಿದರೆ ಅಲ್ಲಿಂದ ಹೊರಗೆ ಬನ್ನಿ. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಇಂಥದ್ದೇ ಕಾರ್ಡ್ ಮಾಡಿದೆ. ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ ಒಂದನ್ನು ತುಂಬಲು ಹೋಗಿ ಇನ್ನೊಂದನ್ನು ತುಂಬಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಇದನ್ನು ತಿಂಗಳ ಮೊದಲೇ ತುಂಬಿಡಲು ಬರುವುದಿಲ್ಲ. ಅಲ್ಲಿ ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಇಳಿಯುವ ದಿನ ಅಂದೆ, ಹೊರಡುವ ದಿನ ಅನ್ನಲಿಲ್ಲ, ಗಮನಿಸಿ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಸುಮಾರು ನಾಲ್ಕು ಗಂಟೆ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹತ್ತಕ್ಕೆ ಹೊರಟ ವಿಮಾನ ಅಲ್ಲಿ ಇಳಿಯುವಾಗ ಬೆಳಗಿನ ಜಾವ, ತಾರೀಖು ಬೇರೆ. ಟಿಕೆಟಿನಲ್ಲಿ ದೊಡ್ಡದಾಗಿ ಬರೆದಿರುವ ಹೊರಡುವ ತಾರೀಖನ್ನೇ ಎಂಡಿಎಸಿಯಲ್ಲಿ ಹಾಕಿಬಿಡುವುದು ತುಂಬಾ ಸಾಮಾನ್ಯ ತಪ್ಪು.

ಆರು ಜನರಿಗೂ ಬೇರೆ ಬೇರೆ ತುಂಬಬೇಕು, ಮಕ್ಕಳಿಗೂ ಸೇರಿಸಿ. ಹೆಸರು, ಪಾಸ್‌ಪೋರ್ಟ್ ನಂಬರ್, ಅದು ಮುಗಿಯುವ ತಾರೀಖು, ವಿಮಾನದ ನಂಬರ್, ಉಳಿಯುವ ಹೋಟೆಲಿನ ವಿಳಾಸ, ಅಲ್ಲಿನ ರಾಜ್ಯ, ಪಿನ್‌ಕೋಡ್ ಕೇಳುತ್ತಾರೆ. ಅಮ್ಮನ ಒಂದೇ ಹೆಸರು ಇಲ್ಲಿ ತೊಂದರೆ ಕೊಡುವುದಿಲ್ಲ, ಹೆಸರಿಗೆ ಒಂದೇ ಜಾಗ ಇದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಬರೆಯಿರಿ. ತುಂಬಿದ ಮೇಲೆ ಇಮೇಲ್ ಬರುತ್ತದೆ. ಅದನ್ನು ಪ್ರಿಂಟ್ ತೆಗೆಸಿ. ಮೊಬೈಲಿನಲ್ಲಿ ಇದೆಯಲ್ಲ ಅನ್ನಬೇಡಿ. ಅಲ್ಲಿ ಇಳಿದಾಗ ನಿಮ್ಮ ಸಿಮ್ಮಿಗೆ ನೆಟ್ ಸಿಗದಿರಬಹುದು, ಚಾರ್ಜ್ ಮುಗಿದಿರಬಹುದು.

ನಿಮ್ಮ ಕಾಗದಗಳನ್ನು ಮೊದಲು ನೋಡುವವರು ಬೆಂಗಳೂರಿನ ವಿಮಾನ ಸಂಸ್ಥೆಯ ಕೌಂಟರಿನವರು. ಅವರು ಯಾಕೆ ಅಷ್ಟು ಬಿಗಿಯಾಗಿರುತ್ತಾರೆ ಅಂತ ಬಹಳ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಇದೆ. ಅಲ್ಲಿ ಒಳಗೆ ಬಿಡದಿದ್ದರೆ ನಿಮ್ಮನ್ನು ವಾಪಸ್ ಕರೆತರುವ ಹೊಣೆ ವಿಮಾನದವರದ್ದು. ಅದಕ್ಕೇ ಅವರು ಟೈಮ್ಯಾಟಿಕ್ ಅನ್ನುವ ವ್ಯವಸ್ಥೆಯನ್ನು ನೋಡುತ್ತಾರೆ. ಯಾವ ದೇಶದವರಿಗೆ ಯಾವ ದೇಶಕ್ಕೆ ಹೋಗಲು ಏನು ಬೇಕು ಅಂತ ಅದರಲ್ಲಿ ಇರುತ್ತದೆ. ಅದರಲ್ಲಿ ಇದ್ದದ್ದೇ ಅವರಿಗೆ ನಿಯಮ. 'ಏಜೆಂಟ್ ಹೇಳಿದ್ದರು' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆಮೇಲೆ ನಮ್ಮ ದೇಶದ ಇಮಿಗ್ರೇಷನ್. ಅದಾದ ಮೇಲೆ ಕೌಲಾಲಂಪುರದ ಕೌಂಟರ್.

ಕೌಲಾಲಂಪುರದಲ್ಲಿ ಎರಡೂ ಕೈಗಳ ತೋರುಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಕೆಲವರಿಗೆ ಒಂದು ಮಾತೂ ಕೇಳದೆ ಠಸ್ಸೆ ಒತ್ತುತ್ತಾರೆ. ಕೆಲವರಿಗೆ ಕೇಳುತ್ತಾರೆ. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ವಾಪಸ್ ಟಿಕೆಟ್ ತೋರಿಸಿ, ದುಡ್ಡು ಎಷ್ಟು ತಂದಿದ್ದೀರಿ. ಅವರ 1959/63ರ ಇಮಿಗ್ರೇಷನ್ ಕಾಯ್ದೆಯಲ್ಲಿ ತನ್ನ ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂತ ತೋರಿಸಲಾಗದವರನ್ನು ಒಳಗೆ ಬಿಡದಿರಲು ಅವಕಾಶ ಇದೆ. ನಿಮ್ಮ ಬೀದಿಯ ಹುಡುಗನಿಗೆ ಏನಾಯಿತೋ ನಾನು ಊಹಿಸಬಲ್ಲೆ. ನಾನು ನೋಡಿದಷ್ಟು ಪ್ರಕರಣಗಳಲ್ಲಿ ಒಂಟಿಯಾಗಿ ಹೋದ ಯುವಕರೇ ಜಾಸ್ತಿ. ಹೋಟೆಲ್ ಬುಕಿಂಗ್ ಇರುತ್ತದೆ, ಆದರೆ ವಿಮಾನ ಹತ್ತುವ ಹೊತ್ತಿಗೆ ಅದನ್ನು ರದ್ದು ಮಾಡಿರುತ್ತಾರೆ. ಅಧಿಕಾರಿ ಹೋಟೆಲಿಗೆ ಫೋನ್ ಮಾಡಿದರೆ ಅಲ್ಲಿ ಹೆಸರೇ ಇರುವುದಿಲ್ಲ. ಅಥವಾ ಹತ್ತು ದಿನ ಇರುತ್ತೇನೆ ಅನ್ನುವವನು ಏನು ನೋಡುತ್ತೀ ಅಂದರೆ ಒಂದು ಜಾಗದ ಹೆಸರೂ ಹೇಳುವುದಿಲ್ಲ. ಹೀಗೆ ತಡೆದವರಿಗೆ 'ನಾಟ್ ಟು ಲ್ಯಾಂಡ್' ಅಂತ ನೋಟಿಸ್ ಕೊಟ್ಟು, ವಿಮಾನ ನಿಲ್ದಾಣದಲ್ಲೇ ಕೂರಿಸಿ, ಬಂದ ವಿಮಾನ ಸಂಸ್ಥೆಯ ಮುಂದಿನ ವಿಮಾನದಲ್ಲಿ ವಾಪಸ್ ಕಳಿಸುತ್ತಾರೆ.

ನಿಮ್ಮಂತೆ ಅಮ್ಮ, ಮಕ್ಕಳು ಎಲ್ಲ ಇರುವ ಕುಟುಂಬಕ್ಕೆ ಹಾಗೆ ಆಗುವುದು ಅಪರೂಪ. ಆದರೂ ಹೋಟೆಲನ್ನು ನಿಜವಾಗಿ ಬುಕ್ ಮಾಡಿ, ಆರು ಜನರ ಹೆಸರೂ ಅದರಲ್ಲಿ ಇರಲಿ. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ದಿನದ ಲೆಕ್ಕ ಬರೆದುಕೊಳ್ಳಿ. ಮೊದಲ ದಿನ ಪೆಟ್ರೋನಾಸ್ ಗೋಪುರ, ಎರಡನೇ ದಿನ ಬಾತು ಗುಹೆಯ ಮುರುಗನ್ ದೇವಸ್ಥಾನ, ಆಮೇಲೆ ಪೆನಾಂಗೋ ಲಂಕಾವಿಯೋ, ಹೀಗೆ. (ಬಾತು ಗುಹೆಯಲ್ಲಿ 272 ಮೆಟ್ಟಿಲು. ಅಮ್ಮನ ಮಂಡಿ ಹೇಗಿದೆ ನೋಡಿಕೊಂಡು ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.) ಕೌಂಟರಿಗೆ ಎಲ್ಲರೂ ಒಟ್ಟಿಗೆ ಹೋಗಿ. ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ ಅಂದರೆ ಅವರನ್ನು ಬೇರೆ ಸಾಲಿಗೆ ಬಿಡಬೇಡಿ. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜವಾದ ಉತ್ತರ ಕೊಡಿ. ದುಡ್ಡಿಗೆ ಒಂದಿಷ್ಟು ರಿಂಗಿಟ್ (ಮಲೇಷ್ಯಾದ ಹಣ) ನಗದು, ವಿದೇಶದಲ್ಲಿ ನಡೆಯುವ ಕಾರ್ಡ್, ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ನಮ್ಮ ನಿಯಮದ ಪ್ರಕಾರ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರಿಗೆ ಸಮನಾದ ವಿದೇಶಿ ನೋಟುಗಳನ್ನು ಒಯ್ಯಬಹುದು, ನಮ್ಮ ರೂಪಾಯಿ ನೋಟು 25,000ದವರೆಗೆ. ಒಂದು ವಾರಕ್ಕೆ ಅಷ್ಟು ನಗದು ನಿಮಗೆ ಬೇಕಾಗುವುದೂ ಇಲ್ಲ.

ಅಮ್ಮನಿಗೆ ಬಿಪಿ, ಶುಗರ್ ಮಾತ್ರೆ ಇದ್ದರೆ ಅಂಗಡಿಯಿಂದ ತಂದ ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ್ ಚೀಟಿ ಜೊತೆಗಿರಲಿ. ತಾಜಾ ಹಣ್ಣು, ವೀಳ್ಯದೆಲೆ, ಸಸಿ ಒಯ್ಯಬೇಡಿ. ಒಣ ಕೊಬ್ಬರಿಯನ್ನು ಚೆಕ್‌ಇನ್ ಬ್ಯಾಗಿನಲ್ಲಿ ಇಟ್ಟರೆ ಬೆಂಗಳೂರಿನಲ್ಲೇ ತೆಗೆಸುತ್ತಾರೆ, ಬೆಂಕಿ ಹತ್ತುವ ವಸ್ತು ಅಂತ.

ಸಿಂಗಾಪುರದ ಆಸೆಯನ್ನು ಈ ಸಲ ಬಿಡಿ ಅಂತಲೇ ನನ್ನ ಸಲಹೆ. ನಕ್ಷೆಯಲ್ಲಿ ಅದು ಪಕ್ಕದಲ್ಲೇ ಇದೆ, ಬಸ್ಸೂ ಇದೆ. ಆದರೆ ಅದು ಬೇರೆ ದೇಶ, ಅಲ್ಲಿಗೆ ನಮಗೆ ಮೊದಲೇ ವೀಸಾ ಬೇಕು. ಗಡಿಗೆ ಹೋಗಿ ಕೇಳಿದರೆ ಕೊಡುವುದಿಲ್ಲ. ವೀಸಾ ತೆಗೆದುಕೊಂಡೇ ಹೋದರೂ ಮಲೇಷ್ಯಾಗೆ ಮರಳುವಾಗ ಎಂಡಿಎಸಿ ಮತ್ತೆ ತುಂಬಬೇಕು, ಮತ್ತೆ ಅದೇ ಕೌಂಟರ್, ಅದೇ ಪ್ರಶ್ನೆ. ಒಂದು ವಾರದಲ್ಲಿ ಅಮ್ಮನನ್ನೂ ಮಕ್ಕಳನ್ನೂ ಕಟ್ಟಿಕೊಂಡು ನಾಲ್ಕು ಸಲ ಗಡಿ ದಾಟುವುದು ಸುಖದ ಪ್ರವಾಸ ಅಲ್ಲ. ಹೋಗಲೇಬೇಕು ಅಂದರೆ ಒಂದು ಮಾತು ನೆನಪಿಡಿ. ಗಸಗಸೆಯನ್ನು ಸಿಂಗಾಪುರದಲ್ಲಿ ಮಾದಕವಸ್ತುವಿನ ಕಣ್ಣಿನಿಂದ ನೋಡುತ್ತಾರೆ. ಪಾಯಸಕ್ಕೆ ಅಂತ ಒಂದು ಪೊಟ್ಟಣ ಕೂಡ ಬ್ಯಾಗಿನಲ್ಲಿ ಇರಬಾರದು.

ಮಲೇಷ್ಯಾದ ಒಳಗೇ ಸಬಾ, ಸರವಾಕ್ ಅಂತ ಎರಡು ರಾಜ್ಯಗಳಿವೆ, ಬೋರ್ನಿಯೋ ದ್ವೀಪದಲ್ಲಿ. ಅಲ್ಲಿಗೆ ಹೋಗುವಾಗ ದೇಶದ ಒಳಗಿನ ವಿಮಾನವೇ ಆದರೂ ಪಾಸ್‌ಪೋರ್ಟ್ ತೋರಿಸಿ ಇನ್ನೊಮ್ಮೆ ಇಮಿಗ್ರೇಷನ್ ದಾಟಬೇಕು. ಗೊತ್ತಿರಲಿ ಅಂತ ಹೇಳಿದೆ.

ಈಗ ನಿಮ್ಮ ತಮ್ಮನ ವಿಷಯ. ನಿಮ್ಮ ಪತ್ರ ಓದುವಾಗ ನನಗೆ ನಿಜವಾಗಿ ಆತಂಕ ಆದದ್ದು ಇಲ್ಲಿ.

ಇಸಿಆರ್ ಅಂದರೆ ಎಮಿಗ್ರೇಷನ್ ಚೆಕ್ ರಿಕ್ವೈರ್ಡ್. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. ಇದು ಅವಮಾನದ ಗುರುತೇನೂ ಅಲ್ಲ. ಓದು ಕಡಿಮೆ ಇರುವವರನ್ನು ಹೊರದೇಶದಲ್ಲಿ ಮಾಲೀಕರು, ದಲ್ಲಾಳಿಗಳು ಮೋಸ ಮಾಡಬಾರದು ಅಂತ 1983ರ ಎಮಿಗ್ರೇಷನ್ ಕಾಯ್ದೆಯಲ್ಲಿ ಮಾಡಿದ ರಕ್ಷಣೆ. ಕೆಲಸಕ್ಕೆ ಅಂತ ಹೋದರೆ ಮೊದಲೇ ನಮ್ಮ ಸರ್ಕಾರದ ಅನುಮತಿ, ಅಂದರೆ ಕ್ಲಿಯರೆನ್ಸ್, ಬೇಕಾಗುವ 18 ದೇಶಗಳ ಪಟ್ಟಿ ಇದೆ. ಗಲ್ಫ್ ದೇಶಗಳ ಜೊತೆ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಕೂಡ ಅದರಲ್ಲಿವೆ. ಪ್ರವಾಸಕ್ಕೆ ಹೋಗುವವರಿಗೆ ಆ ಕ್ಲಿಯರೆನ್ಸ್ ಬೇಕಿಲ್ಲ. ಆದರೆ ಪ್ರವಾಸಕ್ಕೇ ಹೋಗುತ್ತಿದ್ದಾನೆ ಅಂತ ನಂಬುವ ಹಾಗಿರಬೇಕು. ಅದಕ್ಕೆ ಮೊದಲ ಸಾಕ್ಷಿ ವಾಪಸ್ ಟಿಕೆಟ್. ಇಸಿಆರ್ ಪಾಸ್‌ಪೋರ್ಟ್, ಒಂದೇ ಕಡೆಯ ಟಿಕೆಟ್, ಗ್ಯಾರೇಜಿನಲ್ಲಿ ದುಡಿಯುವ ಹುಡುಗ. ಇಷ್ಟು ಸಾಕು, ಬೆಂಗಳೂರಿನ ಇಮಿಗ್ರೇಷನ್ನಿನಲ್ಲೇ ಅವನನ್ನು ತಡೆಯುತ್ತಾರೆ. ಅವನ ಜೊತೆ ನೀವೆಲ್ಲರೂ ನಿಲ್ಲಬೇಕಾಗುತ್ತದೆ.

ತಡೆಯುವ ಅಧಿಕಾರಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ. ವೀಸಾ ಬೇಡದ ದೇಶಗಳಿಗೆ ನಮ್ಮ ಹುಡುಗರನ್ನು ಪ್ರವಾಸಿಗರು ಅಂತ ಕಳಿಸಿ, ಅಲ್ಲಿಂದ ಬೇರೆ ಕಡೆ ಸಾಗಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ದುಡಿಸಿದ್ದನ್ನು ಈಚೆಗೆ ನೋಡಿದ್ದೇವೆ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರಿನ ಅಂಥ ಕೇಂದ್ರಗಳಿಂದ ಬಿಡಿಸಿದ ನೂರಾರು ಭಾರತೀಯರನ್ನು ಥಾಯ್ಲೆಂಡಿನ ಮೇ ಸಾಟ್‌ನಿಂದ ನಮ್ಮ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಅಧಿಕಾರಿಗಳಿಗೆ ಅನುಮಾನ ಬರುವುದು ಅದಕ್ಕೇ.

ಹೇಗೋ ದಾಟಿ ಮಲೇಷ್ಯಾ ಒಳಗೆ ಹೋದ ಅಂತಲೇ ಇಟ್ಟುಕೊಳ್ಳಿ. ವೀಸಾ ಇಲ್ಲದೆ ಹೋದವನಿಗೆ ಅಲ್ಲಿ ಸಿಗುವುದು ಪ್ರವಾಸಿಯ ಅನುಮತಿ. ಅದರಲ್ಲಿ ಒಂದು ದಿನ ಕೂಡ ಕೂಲಿಗೆ ಹೋಗುವಂತಿಲ್ಲ. ಗೆಳೆಯನ ಹೋಟೆಲಿನಲ್ಲಿ ತಟ್ಟೆ ತೊಳೆದರೂ ಅದು ಕಾನೂನು ಮುರಿದಂತೆ. 30 ದಿನ ದಾಟಿ ಉಳಿದರೆ ಅವರ ಕಾಯ್ದೆಯ ಪ್ರಕಾರ ಕನಿಷ್ಠ 10,000 ರಿಂಗಿಟ್ ದಂಡ, ಅಥವಾ ಐದು ವರ್ಷದವರೆಗೆ ಜೈಲು, ಅಥವಾ ಎರಡೂ. ಇನ್ನೂ ಕೆಟ್ಟದ್ದು ಏನು ಗೊತ್ತಾ? ಹೀಗೆ ಕದ್ದು ಕೆಲಸ ಮಾಡುವವನಿಗೆ ಸಂಬಳ ಕೊಡದಿದ್ದರೆ ದೂರು ಕೊಡಲು ಧೈರ್ಯ ಬರುವುದಿಲ್ಲ. ಕಾಯಿಲೆಯಾದರೆ ಆಸ್ಪತ್ರೆಗೆ ಹೋಗಲು ಹೆದರುತ್ತಾನೆ. ಅವನನ್ನು ಇಟ್ಟುಕೊಂಡ ಮಾಲೀಕನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮ ತಮ್ಮನಿಗೆ ಹೊರಗೆ ದುಡಿಯುವ ಆಸೆ ಇರುವುದು ತಪ್ಪಲ್ಲ. ಗ್ಯಾರೇಜಿನ ಕೆಲಸ ಬಲ್ಲವನಿಗೆ ದಾರಿ ಇದೆ. ಅಲ್ಲಿನ ಮಾಲೀಕ ಮೊದಲು ಅವರ ಸರ್ಕಾರದಿಂದ ಅನುಮತಿ ಪಡೆಯಬೇಕು, ಅದರ ಮೇಲೆ ಕೆಲಸದ ವೀಸಾ ಬರಬೇಕು, ಒಪ್ಪಂದದ ಕಾಗದ ಕೈಗೆ ಸಿಗಬೇಕು, ನಮ್ಮ ಕಡೆಯಿಂದ ಎಮಿಗ್ರೇಷನ್ ಕ್ಲಿಯರೆನ್ಸ್ ಆಗಬೇಕು. ನೋಂದಣಿ ಇರುವ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅಂಥ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ಆದಾಯ ತೆರಿಗೆ ಕಟ್ಟುವವರಿಗೆ, ಎರಡು ವರ್ಷದ ಐಟಿಐ ಮುಗಿಸಿದವರಿಗೆ ಇಸಿಆರ್ ತೆಗೆಸಲು ಅವಕಾಶ ಇದೆ. ಹತ್ತನೇ ಕ್ಲಾಸನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದರೂ ಆಯಿತು. ಗ್ಯಾರೇಜಿನಲ್ಲಿ ದುಡಿಯುತ್ತಲೇ ಅದನ್ನು ಮಾಡಬಹುದು.

ಅದೆಲ್ಲ ನಿಧಾನದ ಕೆಲಸ. ಈ ದಸರಾಕ್ಕೆ ಅವನು ಬರುವುದಾದರೆ ಪ್ರವಾಸಿಯಾಗಿಯೇ ಬರಲಿ, ನಿಮ್ಮ ಜೊತೆ ಹೋಗಿ ನಿಮ್ಮ ಜೊತೆಯೇ ಮರಳಲಿ. ಒಂದೇ ಬುಕಿಂಗಿನಲ್ಲಿ ಆರೂ ಜನರಿಗೆ ಹೋಗಿ ಬರುವ ಟಿಕೆಟ್ ಮಾಡಿಸಿ. ಗೆಳೆಯನನ್ನು ಒಂದು ಸಂಜೆ ಭೇಟಿಯಾಗಲಿ, ಊಟ ಮಾಡಲಿ, ತೊಂದರೆ ಇಲ್ಲ. ಕೌಂಟರಿನಲ್ಲಿ ಕೇಳಿದರೆ ಅದನ್ನೂ ಮುಚ್ಚಿಡದೆ ಹೇಳಲಿ. ಈ ಮಾತನ್ನು ಟಿಕೆಟ್ ಮಾಡಿಸುವ ಮೊದಲೇ ಅವನ ಜೊತೆ ಕೂತು ಆಡಿ. ಒಂದೇ ಕಡೆಯ ಟಿಕೆಟ್ ಬೇಕೇ ಬೇಕು ಅಂತ ಅವನು ಹಟ ಹಿಡಿದರೆ, ಈ ಪ್ರವಾಸಕ್ಕೆ ಐದೇ ಜನ ಹೋಗಿ ಬನ್ನಿ.